ಕಂಚಿನ ಫಲಕದಲ್ಲಿ ಸತ್ತಿರುವ ನಮ್ಮಪ್ಪ

ಸಭೆಯ ಅಧ್ಯಕ್ಷತೆ ವಹಿಸಿರುವ ಶ್ರೀಮತಿ ಗುಡ್‌ನೋ ಅವರೇ, ರಾಷ್ಟ್ರಾಧ್ಯಕ್ಷರ ಪರವಾಗಿ ಇಷ್ಟು ದೂರ ಬಂದಿರುವ ಮುಖ್ಯ ಅತಿಥಿಗಳಾದ ಟ್ರಾಸ್ಕ್ ಅವರೇ, ಗುಡ್ಡದ ಕಾಲೇಜಿನಿಂದ ಇಳಿದು ಬಂದು ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರೇ, ಆಶ್‌ಬರಿ ಮಿಲ್ಸ್ ಊರಿನ ಸಭಿಕರೇ,

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಈ ಭಾಷಣವನ್ನು ನಾನೇ ಕೈಯಾರೆ ಬರೆದುಕೊಂಡು ಬಂದಿದ್ದೇನೆ. ಅಕ್ಷರ ಕೋಳಿ ಕೆದಕಿದ ಹಾಗಿದೆ, ಕಾಗುಣಿತ ಅಲ್ಲಲ್ಲಿ ತಪ್ಪಿದೆ. ನನ್ನ ಬರಹ ನನಗೇ ಅರ್ಥವಾಗದೆ ನಡುವೆ ನಿಂತರೆ ಬೇಸರ ಮಾಡಿಕೊಳ್ಳಬೇಡಿ. ಊರಿನ ವಾರ್ಷಿಕ ವರದಿಯಲ್ಲಿ ಇದನ್ನು ಅಚ್ಚು ಹಾಕುತ್ತಾರಂತೆ. ಕಾಗುಣಿತ ತಿದ್ದಿಕೊಳ್ಳಲಿ, ಮಾತನ್ನು ತಿದ್ದುವುದು ಬೇಡ. ನನ್ನ ಶಾಲೆ ಐದನೇ ತರಗತಿಗೆ ಮುಗಿಯಿತು. ಅಮ್ಮ ಹಾಸಿಗೆ ಹಿಡಿದಿದ್ದರು. ಮಗಳನ್ನು ಮನೆಯಲ್ಲೇ ಓದಿಸುತ್ತೇನೆಂದು ಅಪ್ಪ ಬರೆದುಕೊಟ್ಟರು. ಮನೆಯಲ್ಲಿ ನಾನು ಓದಿದ್ದು ಔಷಧಿ ಬಾಟಲಿಗಳ ಮೇಲಿನ ಚೀಟಿಗಳನ್ನು. ಅಮ್ಮ ಹೋದ ಮೇಲೆ ಅದೂ ನಿಂತಿತು. ಆದ್ದರಿಂದ ನಮ್ಮ ಮನೆಯ ಓದೆಲ್ಲ ನನ್ನ ತಂಗಿ ಕೊಲೆಟ್‌ಳ ಪಾಲಿಗೆ ಬಂತು. ಅವಳು ಅದನ್ನು ವ್ಯರ್ಥ ಮಾಡಲಿಲ್ಲ.

ಇಂದು ನನಗೆ ಒಪ್ಪಿಸಿರುವ ಕೆಲಸ ವಂದನಾರ್ಪಣೆ. ನನ್ನ ಹಿಂದಿನ ಗೋಡೆಯಲ್ಲಿ ಹೊಸ ಕಂಚಿನ ಫಲಕವಿದೆ. ಈಗತಾನೇ ಪರದೆ ಸರಿಸಿದರು, ನೀವೆಲ್ಲ ಓದಿದಿರಿ. ನಮ್ಮ ರಾಷ್ಟ್ರಾಧ್ಯಕ್ಷರು ಅಭ್ಯರ್ಥಿಯಾಗಿದ್ದಾಗ ಈ ಸಭಾಂಗಣದಲ್ಲಿ ನಿಂತು, "ಗಿರಣಿಯ ಧೂಳಿಗೆ ತಂದೆಯನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳ" ಬಗ್ಗೆ ಮಾತನಾಡಿದರು ಎಂದು ಅದರಲ್ಲಿ ಬರೆದಿದೆ. ಆ ಹೆಣ್ಣುಮಗಳು ಕೊಲೆಟ್. ಆ ತಂದೆ ಒವಿಲಾ ಥಿಬೋ. ಇಂದು ನೀವು ಉಂಡ ಬೀನ್ಸ್ ಕಾಳನ್ನು ನಿನ್ನೆ ಸಂಜೆ ಪಾತ್ರೆ ಸಮೇತ ಗುಂಡಿಯಲ್ಲಿ ಕೆಂಡದ ಮೇಲೆ ಹೂತು, ಇಂದು ಅಗೆದು ತೆಗೆದವರು ಅವರೇ. ಸತ್ತವರು ಬಡಿಸಿದ ಊಟವನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡ ಊರು ನಮ್ಮದೊಂದೇ ಇರಬೇಕು.

ನಗಬಹುದು. ನಾವೂ ಅಂದು ನಕ್ಕೆವು.

ಎರಡು ವರ್ಷದ ಹಿಂದೆ ಇದೇ ಅಕ್ಟೋಬರ್ ಊಟಕ್ಕೆ ರಾಷ್ಟ್ರಾಧ್ಯಕ್ಷರು ಬಂದಾಗ ಇನ್ನೂ ಸೆನೆಟರ್ ಪ್ರೆಂಟಿಸ್ ಆಗಿದ್ದರು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹುಟ್ಟಿದವರಿಗೆ ಇದೇನೂ ಹೊಸದಲ್ಲ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಮತದಾನ ನಮ್ಮ ರಾಜ್ಯದ್ದೇ, ಹಾಗಾಗಿ ದೇಶಕ್ಕೆ ಅಧ್ಯಕ್ಷನಾಗಬೇಕೆನ್ನುವವನು ಮೊದಲು ನಮ್ಮ ಬೀನ್ಸ್ ಉಣ್ಣಬೇಕು. ಕೋಟು ತೆಗೆಯುತ್ತಾರೆ, ತೋಳು ಮಡಚುತ್ತಾರೆ, ಸಲಿಕೆ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಗುಡ್ಡದ ಮೇಲಿನ ಕಾಲೇಜನ್ನು ಬೈಯುತ್ತಾರೆ. ಎರಡೂ ಪಕ್ಷದವರು ಬೈಯುತ್ತಾರೆ. ಅಲ್ಲಿನವರು ನಿಮ್ಮನ್ನು ನೋಡಿ ನಗುತ್ತಾರೆ, ನಿಮ್ಮ ಮಕ್ಕಳಿಗೆ ಬಾಗಿಲು ಮುಚ್ಚಿದ್ದಾರೆ ಎನ್ನುತ್ತಾರೆ. ಅಷ್ಟು ಚೆನ್ನಾಗಿ ಬೈಯುವುದನ್ನು ಅವರು ಕಲಿತದ್ದೆಲ್ಲಿ? ಅದೇ ಕಾಲೇಜಿನಲ್ಲಿ. ಸೆನೆಟರ್ ಅಲ್ಲೇ ಓದಿದವರು, ಅವರ ತಂದೆಯೂ ಅಲ್ಲೇ ಓದಿದವರು. ನದಿಯ ದಂಡೆಯಲ್ಲಿ ದೋಣಿಗಳನ್ನು ಇಡುವ ಕಟ್ಟಡದ ಮೇಲೆ ಅವರ ಮನೆತನದ ಹೆಸರಿದೆ. ಅವರ ಮಗಳೂ ಆ ವರ್ಷವೇ ಅಲ್ಲಿಗೆ ಅರ್ಜಿ ಹಾಕಿದ್ದಳು. ಅದನ್ನು ಅವರು ನಮಗೆ ಹೇಳಲಿಲ್ಲ. ನಾವು ಕೇಳಲೂ ಇಲ್ಲ.

ಅಂದು ಅವರು ಮೊದಲು ಅಪ್ಪನ ಕೈ ಕುಲುಕಿದರು. ನಾನು ಪಕ್ಕದಲ್ಲೇ ಬ್ರೆಡ್ಡು ಹೆಚ್ಚುತ್ತಿದ್ದೆ.

"ನಿಮ್ಮ ಕೈ ಮುಟ್ಟಿದ್ರೇ ಗೊತ್ತಾಗುತ್ತೆ ಒವಿಲಾ, ನೀವು ದುಡಿದು ತಿನ್ನೋ ಮನುಷ್ಯ."

"ಕೈ ಮುಟ್ಟಿ ಓಟು ಲೆಕ್ಕ ಹಾಕ್ಬೇಡಿ ಸೆನೆಟರೇ. ಎರಡೆರಡು ಸಲ ಮನೆ ಬಾಗಿಲಿಗೆ ಬಂದೋರಿಗೇ ನಾನಿನ್ನೂ ನೋಡೋಣ ಅಂದಿದೀನಿ."

ಅವರು ಜೋರಾಗಿ ನಕ್ಕು, ಅಪ್ಪನ ಬೆನ್ನು ತಟ್ಟಿದರು. ಸೆನೆಟರ್ ಅವರ ತಟ್ಟೆಗೆ ಕೊಲೆಟ್ ಬಡಿಸಿದಳು. ಏನು ಓದುತ್ತೀ ಎಂದು ಕೇಳಿದರು. ಗುಡ್ಡದ ಕಾಲೇಜಿಗೆ ಅರ್ಜಿ ಹಾಕಿದ್ದೇನೆ ಎಂದಳು. ಅರ್ಜಿಯ ಜೊತೆಗಿನ ಪ್ರಬಂಧದಲ್ಲಿ ಏನು ಬರೆದೆ ಎಂದು ಕೇಳಿದರು. "ನಮ್ಮಪ್ಪನ ಬಗ್ಗೆ, ಸಾರ್. ಗಿರಣಿ ಮುಚ್ಚಿದ ಮೇಲೆ ಅವರು ಹೆಂಗೆ ಬದುಕಿದ್ರು ಅಂತ" ಎಂದಳು. ಬದುಕಿದ್ದರ ಬಗ್ಗೆಯೇ ಬರೆದಿದ್ದಳು.

ಆಮೇಲೆ ಸೆನೆಟರ್ ತಟ್ಟೆ ಹಿಡಿದುಕೊಂಡೇ ಬೆಂಚು ಹತ್ತಿದರು. ಕ್ಯಾಮೆರಾಗಳು ತಿರುಗಿದವು. ಈ ಊರಿನಲ್ಲಿ ಕೊಲೆಟ್ ಎಂಬ ಹುಡುಗಿ ಇದ್ದಾಳೆ, ಗಿರಣಿಯ ಧೂಳು ಅವಳ ತಂದೆಯನ್ನು ತಿಂದುಹಾಕಿತು, ಸಾಯುವಾಗ ಆ ತಂದೆ "ಓದು ಮಗಳೇ" ಎಂದು ಕೈ ಹಿಡಿದುಕೊಂಡರು ಎಂದರು. ಗಿರಣಿ ಮುಚ್ಚಿದ್ದು ನಿಜ. ಅಪ್ಪನ ಕಣ್ಣು ಮುಚ್ಚಿರಲಿಲ್ಲ. ಅವರು ಬಾಗಿಲಲ್ಲಿ ಸಲಿಕೆ ಹಿಡಿದು ನಿಂತು ತಮ್ಮ ಸಾವಿನ ಕಥೆ ಕೇಳುತ್ತಿದ್ದರು.

ಪಕ್ಕದ ಮನೆಯ ಸ್ಟಿಕ್ನಿ ಮಾವ ಅಪ್ಪನ ಕಿವಿಯಲ್ಲಿ ಹೇಳಿದರು. "ಏನೋ ಒವಿಲಾ, ಯಾವಾಗ ಹೋದೆ? ಒಂದು ಮಾತು ಹೇಳಿದ್ರೆ ಮಣ್ಣಿಗೆ ಬರ್ತಿರ್ಲಿಲ್ವಾ?"

"ಸುಮ್ನಿರೋ. ಅವರ ಕೈಲಿ ಇನ್ನೂ ತಟ್ಟೆ ಇದೆ."

ಇದು ನಮ್ಮ ಪದ್ಧತಿ ಅಲ್ಲವೇ ಸಭಿಕರೇ? ಮಾರ್ಚ್ ತಿಂಗಳ ಊರ ಸಭೆಯಲ್ಲಿ ಒಂದು ರಸ್ತೆ ಗುಂಡಿಗೆ ಅಣ್ಣತಮ್ಮಂದಿರೇ ಮಧ್ಯಾಹ್ನದವರೆಗೂ ಕಿತ್ತಾಡುತ್ತೇವೆ. ಆದರೆ ಊಟದ ದಿನ, ಅತಿಥಿಯ ಕೈಯಲ್ಲಿ ತಟ್ಟೆ ಇರುವವರೆಗೆ, ಅವನ ಮಾತನ್ನು ತಿದ್ದುವುದಿಲ್ಲ. ಅದನ್ನು ನಾವು ಮರ್ಯಾದೆ ಎಂದುಕೊಂಡಿದ್ದೇವೆ. ಆದ್ದರಿಂದ ಅವರು ಮಾತು ಮುಗಿಸಿದಾಗ ಊರೆಲ್ಲ ಚಪ್ಪಾಳೆ ತಟ್ಟಿತು. ಅಪ್ಪನೂ ಸಲಿಕೆಯನ್ನು ಗೋಡೆಗೆ ಒರಗಿಸಿ ಚಪ್ಪಾಳೆ ತಟ್ಟಿದರು. ಬೀನ್ಸ್ ಚೆನ್ನಾಗಿದೆ ಅಂದರಲ್ಲ ಪಾಪ, ಎಂದರು.

ಡಿಸೆಂಬರ್‌ನಲ್ಲಿ ಕೊಲೆಟ್‌ಗೆ ಸೀಟು ಸಿಕ್ಕಿತು. ಅಂದು ನಮ್ಮ ಮನೆಯಲ್ಲಿ ಏನಾಯಿತು ಎಂದು ಹೇಳಲು ನನಗೆ ಬರುವ ಅಕ್ಷರ ಸಾಲದು. ಫೆಬ್ರವರಿಯ ಆ ಮೊದಲ ಮತದಾನದಲ್ಲಿ ಸೆನೆಟರ್ ನಮ್ಮ ರಾಜ್ಯ ಗೆದ್ದರು. ಅಷ್ಟರಲ್ಲಿ ಆ ಭಾಷಣ ದೇಶಕ್ಕೆಲ್ಲ ಬಾಯಿಪಾಠವಾಗಿತ್ತು. ಎದುರಾಳಿ ಕಡೆಯ ಪತ್ರಕರ್ತನೊಬ್ಬ ನಮ್ಮ ಬಾಗಿಲು ತಟ್ಟಿದಾಗ ಬಾಗಿಲು ತೆರೆದದ್ದು ಸತ್ತವರೇ.

ಸುಳ್ಳು ಯಾರದು ಎಂಬ ಗದ್ದಲ ಎದ್ದಿತು. ಸೆನೆಟರ್ ಕಚೇರಿ, "ಕುಟುಂಬದವರು ಹೇಳಿದ್ದನ್ನೇ ಹೇಳಿದ್ದೇವೆ" ಎಂದಿತು. ಬೇಕಾದರೆ ನೋಡಿ, ತಂದೆಯೇ ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ ಎಂದು ಅಂದಿನ ಕ್ಯಾಮೆರಾ ಚಿತ್ರವನ್ನು ತೋರಿಸಿತು. ಕಾಲೇಜಿನವರು ಕೊಲೆಟ್‌ಳನ್ನು ಕರೆದು ಉದ್ದನೆಯ ಮೇಜಿನ ಮುಂದೆ ಕೂರಿಸಿದರು. ನಾನು ಹೊರಗೆ ಬೆಂಚಿನ ಮೇಲಿದ್ದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ನಾನು ಬರೆದಿರೋದು ನಿಮ್ಮ ಹತ್ರಾನೇ ಇದೆಯಲ್ಲ ಸಾರ್. ಅದರಲ್ಲಿ ಅಪ್ಪ ಬದುಕಿದಾರೆ."

"ಅದು ಸರಿಯಮ್ಮ. ಆದ್ರೆ ನಿಮ್ಮ ಮನೆಯವರೇ ಇನ್ನೊಂದು ಕಥೆಗೆ ಒಪ್ಪಿದ ಹಾಗೆ ಕಾಣುತ್ತಲ್ಲ. ಇಲ್ಲಿಗೆ ಬರೋರ ಪ್ರಾಮಾಣಿಕತೆ ಬಗ್ಗೆ ಸಂದೇಹ ಇರಬಾರದು."

ಏಪ್ರಿಲ್‌ನಲ್ಲಿ ಸೀಟು ಹಿಂದಕ್ಕೆ ತೆಗೆದುಕೊಂಡರು. ಸುಳ್ಳು ಹೇಳಿದವರು ನವೆಂಬರ್‌ನಲ್ಲಿ ರಾಷ್ಟ್ರಾಧ್ಯಕ್ಷರಾಗಿ ಗೆದ್ದರು. ಅವರ ಮಗಳು ಆಗಲೇ ದೋಣಿ ಕಟ್ಟಡದ ಪಕ್ಕದ ಹಾಸ್ಟೆಲ್ ಸೇರಿದ್ದಳು. ಅವಳಿಗೆ ಪ್ರತಿಭೆ ಇಲ್ಲ ಎಂದು ನಾನು ಹೇಳುವುದಿಲ್ಲ, ನನಗೆ ಗೊತ್ತಿಲ್ಲ. ಅವಳ ಪ್ರಾಮಾಣಿಕತೆಯನ್ನು ಉದ್ದನೆಯ ಮೇಜಿನ ಮುಂದೆ ಕೂರಿಸಿ ಕೇಳಿದರೋ ಇಲ್ಲವೋ, ಅದೂ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟೇ: ಅಪ್ಪ ಅಲ್ಲಿ ಓದಿದ್ದರೆ ಆ ಕಾಲೇಜಿಗೆ ಒಂದು ಬಾಗಿಲಿದೆ. ಅಪ್ಪ ಕಟ್ಟಡ ಕಟ್ಟಿಸಿಕೊಟ್ಟರೆ ಇನ್ನೊಂದು ಬಾಗಿಲಿದೆ. ನಮ್ಮಂಥವರಿಗೂ ಒಂದು ಬಾಗಿಲಿಟ್ಟಿದ್ದಾರೆ. ಅಪ್ಪ ಸತ್ತಿರಬೇಕು.

ಇದು ನನ್ನ ಹೊಟ್ಟೆಕಿಚ್ಚಿನ ಮಾತು ಎಂದು ಮುಂದಿನ ಸಾಲಿನವರಿಗೆ ಅನ್ನಿಸುತ್ತಿರಬಹುದು. ಹೋದ ವಾರದವರೆಗೆ ಅದು ಹೊಟ್ಟೆಕಿಚ್ಚೇ ಆಗಿತ್ತು. ಹೋದ ವಾರ ಟ್ರಾಸ್ಕ್ ಅವರು ನಮ್ಮ ಮನೆಗೆ ಬಂದರು. ನಮ್ಮ ಅಡುಗೆಮನೆಯಲ್ಲಿ ಕುಳಿತು ಕಾಫಿ ಕುಡಿದರು. ಸೌಮ್ಯ ಮನುಷ್ಯರು, ಬೂಟು ಬಾಗಿಲಲ್ಲೇ ಬಿಟ್ಟು ಬಂದರು.

"ರಾಷ್ಟ್ರಾಧ್ಯಕ್ಷರು ಕೊಲೆಟ್‌ನ ಮರೆತಿಲ್ಲ. ಅವರು ಕಾಲೇಜಿಗೆ ಒಂದು ಮಾತು ಹೇಳಿದ್ರೆ ಬರೋ ಜನವರಿಗೇ ಸೇರ್ಕೊಬಹುದು" ಎಂದರು. "ಫಲಕ ಮಾತ್ರ ಆಗ್ಲೇ ಎರಕ ಹೊಯ್ದುಬಿಟ್ಟಿದಾರೆ. ಅದರ ಬಗ್ಗೆ ಅವತ್ತು ಯಾರೂ ಮಾತೆತ್ತದೆ ಇದ್ರೆ ಸಾಕು. ಒವಿಲಾ, ನೀವು ಅವತ್ತು ಮನೇಲೇ ಇದ್ರೆ ಇನ್ನೂ ಒಳ್ಳೇದು."

ಅಪ್ಪ ಟ್ರಾಸ್ಕ್ ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು. ಆಮೇಲೆ ಹೇಳಿದರು.

"ಆಗ್ಲಿ ಬಿಡಿ ಸಾರ್. ನಾನು ಸತ್ತಂಗೇ ಇರ್ತೀನಿ. ಮಗು ಓದ್ಲಿ."

ಸಭಿಕರೇ, ನಮ್ಮಪ್ಪ ಮೂವತ್ತು ವರ್ಷ ಗಿರಣಿಯ ಧೂಳು ಕುಡಿದವರು. ಅದು ಅವರನ್ನು ಕೊಲ್ಲಲಿಲ್ಲ. ನಮ್ಮ ಅಡುಗೆಮನೆಯಲ್ಲಿ, ನಾನು ಮಾಡಿದ ಕಾಫಿ ಕುಡಿಯುತ್ತಾ, ಅವರು ತಾವಾಗಿಯೇ ಸಾಯಲು ಒಪ್ಪಿಕೊಂಡರು.

ಟ್ರಾಸ್ಕ್ ಅವರು ಹೋದ ಮೇಲೆ ಕೊಲೆಟ್ ಕೇಳಿದಳು. "ರಜಕ್ಕೆ ಮನೆಗೆ ಬಂದಾಗ ನಿನ್ನ ಏನಂತ ಕರೀಲಿ ಅಪ್ಪ?"

"ಅಡುಗೆಯವನು ಅನ್ನು. ಯಾರು ಕೇಳ್ತಾರೆ?"

"ನಾನು ಕೇಳ್ತೀನಿ."

"ಹಟ ಮಾಡ್ಬೇಡ ಕಣೇ. ನಿಮ್ಮಮ್ಮ ಇದ್ದಿದ್ರೆ ಹೋಗು ಅಂತಿದ್ಲು."

"ಅಮ್ಮ ನಿಜವಾಗ್ಲೂ ಸತ್ತಿದಾಳೆ ಅಪ್ಪ. ಒಂದು ಮನೆಗೆ ಅಷ್ಟು ಸಾಕು."

ಅಪ್ಪ ಎದ್ದು ಸೌದೆ ತರಲು ಹೋದರು. ಮನೆಯೊಳಗೆ ಸೌದೆ ಬೇಕಾದಷ್ಟಿತ್ತು. ಆ ದಿನ ಅವರು ಹೊರಗೆ ಏನು ಮಾಡಿದರು ಎಂದು ನಾವಿಬ್ಬರೂ ನೋಡಲು ಹೋಗಲಿಲ್ಲ.

ಟ್ರಾಸ್ಕ್ ಅವರೇ, ನೀವು ಕೈಗಡಿಯಾರ ನೋಡುತ್ತಿದ್ದೀರಿ. ಮುಗಿಸುತ್ತೇನೆ. ಕೊಲೆಟ್ ಹೇಳಿಕಳಿಸಿದ ಉತ್ತರ ಇದು: ಅವಳಿಗೆ ಆ ಸೀಟು ಬೇಡ. ಅಂದರೆ, ಬೇಕು. ಈಗಲೂ ಗುಡ್ಡದ ಗಂಟೆ ಹೊಡೆದರೆ ಅವಳು ಬಟ್ಟೆ ಒಣಗಿಸುವುದನ್ನು ನಿಲ್ಲಿಸಿ ಕೇಳುತ್ತಾಳೆ. ಅಷ್ಟು ಬೇಕು. ಆದರೆ ಅಪ್ಪನನ್ನು ಕೊಟ್ಟು ಕೊಳ್ಳುವಷ್ಟು ಬೇಡ. ಇದು ಗೊತ್ತಾದರೆ ಅಪ್ಪ ತಡೆಯುತ್ತಾರೆಂದು ಅವರಿಗೂ ಹೇಳಿರಲಿಲ್ಲ. ಈಗ ಎಲ್ಲರ ಜೊತೆ ಕೇಳಿಸಿಕೊಂಡಿದ್ದಾರೆ. ಅಪ್ಪ, ಏಳಬೇಡಿ. ಕೂತ್ಕೊಳ್ಳಿ.

ಇದೆಲ್ಲವನ್ನೂ ಹೇಳಲು ನಾನು ಊಟ ಮುಗಿಯುವವರೆಗೆ ಕಾದೆ. ಅತಿಥಿಗಳ ತಟ್ಟೆಗಳನ್ನು ಎತ್ತಿ, ತೊಳೆದು, ಕಪಾಟಿನಲ್ಲಿಟ್ಟ ಮೇಲೆಯೇ ಈ ವೇದಿಕೆ ಹತ್ತಿದ್ದೇನೆ. ಪದ್ಧತಿ ಮೀರಿದೆನೆಂದು ಯಾರೂ ಹೇಳುವ ಹಾಗಿಲ್ಲ.

ಇನ್ನು ವಂದನೆಗಳು. ನನ್ನಂಥವಳಿಗೆ ಮಾತನಾಡಲು ಬಿಟ್ಟ ಶ್ರೀಮತಿ ಗುಡ್‌ನೋ ಅವರಿಗೆ, ಬೀನ್ಸ್‌ಗೆ ಮೇಪಲ್ ಮರದ ಸಿಹಿ ಪಾಕ ಕೊಟ್ಟ ಸ್ಟಿಕ್ನಿ ಮಾವನಿಗೆ, ಬೂಟು ಬಾಗಿಲಲ್ಲಿ ಬಿಟ್ಟು ಬಂದ ಟ್ರಾಸ್ಕ್ ಅವರಿಗೆ ವಂದನೆಗಳು. ಫಲಕವನ್ನು ಗಟ್ಟಿಯಾಗಿ ಜಡಿದ ಬಡಗಿಗೂ ವಂದನೆ. ಅದು ಅಲ್ಲೇ ಇರಲಿ, ತೆಗೆಯಿರಿ ಎಂದು ನಾವು ಕೇಳುವುದಿಲ್ಲ. ಅದರ ಫೋಟೋ ತೆಗೆಯಲು ಬಂದಿರುವ ಪತ್ರಿಕೆಯವರು ಇಷ್ಟು ಹೊತ್ತೂ ಅದರ ಕೆಳಗಿನ ಕುರ್ಚಿ ಅಡ್ಡ ಬರುತ್ತಿದೆ ಎಂದು ಗೊಣಗುತ್ತಿದ್ದರು. ಆ ಕುರ್ಚಿಯಲ್ಲಿ ಕೂತು, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡುತ್ತಿರುವವರು ಒವಿಲಾ ಥಿಬೋ. ಮನೆಯಲ್ಲೇ ಇರುತ್ತೇನೆಂದವರನ್ನು ಬಡಿಸಲು ಜನ ಸಾಲದು ಎಂದು ನಾನೇ ಕರೆತಂದೆ. ಕುರ್ಚಿಯನ್ನು ಬೆಳಿಗ್ಗೆ, ಬಾಗಿಲು ತೆರೆದ ಕೂಡಲೇ, ಕೊಲೆಟ್ ಅಲ್ಲಿ ಎಳೆದಿಟ್ಟು, ಯಾರೂ ಸರಿಸದ ಹಾಗೆ ಅದರ ಕಾಲನ್ನು ಗೋಡೆಯ ಕೊಳವೆಗೆ ತಂತಿಯಿಂದ ಕಟ್ಟಿದಳು.

ಎಲ್ಲರಿಗೂ ನಮಸ್ಕಾರ.