ಅಮ್ಮನ ಹಳೇ ಮಂಡಿ

ಬಸವೇಶ್ವರನಗರದ ಆಸ್ಪತ್ರೆಯಲ್ಲಿ ಅಪ್ಪನ ಸರದಿಗೆ ಕಾಯುತ್ತಿದ್ದ ಕೀರ್ತನಾಳ ಪಕ್ಕದ ಬೆಂಚಿಗೆ ಮಹದೇವ್ ಓಡಿಬಂದ. ಅಲ್ಲಿ ಅವನ ಚಿಕ್ಕಮ್ಮ ಕೂತಿದ್ದಳು.

"ಚಿಕ್ಕಮ್ಮ, ಆಪರೇಷನ್ ಆಯ್ತು, ಅಮ್ಮನ ಹಳೇ ಸ್ಟೀಲ್ ಮಂಡಿ ಹೊರಗೆ ಬಂತು. ಮೂಳೆ ಒಂಚೂರೂ ಮುರಿದಿಲ್ಲ."

"ಇಷ್ಟೊತ್ತು ಯಾಕೋ? ನನಗೆ ಜೀವ ಬಾಯಿಗೆ ಬಂದಿತ್ತು."

"ಕಾಲು ವಾಲ್ತಿತ್ತು ಅಂತ ಬದಲಾಯಿಸೋಕೆ ಹೊರಟಿದ್ದು ಸರಿ, ಆದ್ರೆ ಸ್ಟೀಲು ಮೂಳೆನ ಬಿಟ್ಟೇ ಇರ್ಲಿಲ್ವಂತೆ. ಸಣ್ಣ ಗರಗಸದಲ್ಲಿ, ಅದನ್ನ ಮೂಳೆಗೆ ಅಂಟಿಸಿದ್ದ ಸಿಮೆಂಟು ಬಿಡಿಸಿ ಬಿಡಿಸಿ ತೆಗೆದ್ರಂತೆ. ಹೊಸದು ಕೂರಿಸಾಯ್ತು."

"ಹಳೇದನ್ನ ಇಸ್ಕೊಂಡ್ಯಾ?"

"ಅದ್ಯಾಕೆ?"

"ಒಳಗೆ ಹೋಗುವಾಗ ನಿಮ್ಮಮ್ಮ ಹೇಳಿದ್ಲು. ಆಯುಧಪೂಜೆಗೆ ಹೊಲಿಗೆ ಮಿಷಿನ್ ಪಕ್ಕ ಇಡ್ಬೇಕಂತೆ. ಇಷ್ಟು ವರ್ಷ ಪೆಡಲ್ ತುಳಿದಿದ್ದು ಅದೇ ತಾನೆ?"

ಮಹದೇವ್ ನಗುತ್ತಾ ಚಿಕ್ಕಮ್ಮನನ್ನು ಎಬ್ಬಿಸಿಕೊಂಡು ಹೊರಟ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅವನು ಕೇಳಿದ್ದು ಕೀರ್ತನಾಗೂ ಕೇಳಿಸಿತು.

"ಸಿಸ್ಟರ್, ನಮ್ಮಮ್ಮನ ಮಂಡಿ ಸ್ವಲ್ಪ ತೊಳೆದು ಕೊಡ್ತೀರಾ?"