ಅಕ್ಕನ ಕಿಟಕಿ

ಶ್... ಮೆಲ್ಲಗೆ ಮಾತಾಡಿ ಗಾರ್ನೆಟ್! ಅಕ್ಕ ಈಗಷ್ಟೇ ಮಲಗಿದಾಳೆ. ರಾತ್ರಿಯೆಲ್ಲ ಕೆಮ್ಮು, ಪಾಪ. ಹೌದು ರೀ, ಗೊತ್ತು, ದಿನಾ ಬೆಳಿಗ್ಗೆ ಮಹಡಿ ಕಿಟಕೀಲಿ ಕೂತು ನಿಮ್ಮ ಪ್ರವಾಸಿಗಳಿಗೆ ಕೈ ಬೀಸ್ತಾಳೆ, ಇವತ್ತು ಕಾಣಲಿಲ್ಲ ಅಂತ ಓಡಿ ಬಂದ್ರಿ. ಒಂದು ದಿನ ಮಲಗಬಾರದಾ? ಎಂಬತ್ತು ದಾಟಿದೆ ನಮ್ಮ ಲವೀನಿಯಕ್ಕನಿಗೆ.

ಒಳಗೆ ಬನ್ನಿ ಅನ್ನೋಣ ಅಂದ್ರೆ... ಬೇಡ, ನೆಲ ಒರೆಸಿದೀನಿ, ಹೊಸ್ತಿಲಲ್ಲೇ ನಿಲ್ಲಿ. ಟೋಪಿ ಇರಲಿ ಬಿಡಿ! ಊರು ತೋರಿಸೋ ನಿಮಗೆ ಹಳೇ ಕಾಲದ ವೇಷ ಹಾಕಿಸಿ, ಆ ಮೂರು ಮೂಲೆ ಟೋಪೀನ ವಿಗ್ಗಿಗೆ ಸೇರಿಸಿ ಪಿನ್ ಚುಚ್ಚಿರ್ತಾರೆ, ಸಂಜೆ ಕೆಲಸ ಮುಗಿಯೋತನಕ ತೆಗೆಯೋ ಹಾಗಿಲ್ಲ ಅಂತ ನೀವೇ ಹೇಳಿದ್ರಲ್ಲ. ಈಸ್ಟರ್ ದಿನ ಚರ್ಚಿನಲ್ಲೂ ಹಾಗೇ ಕೂತಿದ್ರಿ! ಪಾದ್ರಿ ಗುರಾಯಿಸಿದ್ದೇ ಗುರಾಯಿಸಿದ್ದು. ಅಕ್ಕನಿಗೆ ನಗು ತಡೆಯೋಕಾಗದೆ ಹೊರಗೆದ್ದು ಹೋದ್ಲು.

ನೀವ್ಯಾಕೆ ನಗ್ತಿಲ್ಲ? ಯಾವಾಗ ಹೇಳಿದ್ರೂ ನಗ್ತಿದ್ರಿ...

ನಮ್ಮಿಂದ ಏನಾದ್ರೂ ತಪ್ಪಾಯ್ತಾ? ಬಟ್ಟೆ ಹಿತ್ತಲಲ್ಲೇ ಒಣಗಿಸ್ತೀವಿ. ರೇಡಿಯೋ ಕಪಾಟಿನೊಳಗೆ. ಊರನ್ನೆಲ್ಲ ಇಂಗ್ಲೆಂಡ್ ರಾಜನ ಕಾಲದ ಹಾಗೆ ಮಾಡ್ತಿರೋ ನಿಮ್ಮ ಸಂಘದವರು, ನಮ್ಮಜ್ಜ ಕಟ್ಟಿಸಿದ ಜಗುಲಿ ಆಗ ಇರಲಿಲ್ಲ ಅಂತ ಕಿತ್ತು ಹಾಕಿದ್ರು. ಆಯ್ತು ಅಂದ್ವಿ. ಬಾಗಿಲಿಗೆ ಹಸಿರು ಬೇಡ, ಕಂದು ಬಣ್ಣ ಅಂದ್ರು. ಹೂಂ ಅಂದ್ವಿ. ಮೊನ್ನೆ ಒಬ್ಬ ಹೆಂಗಸು ಕಿಟಕಿ ಗಾಜಿಗೆ ಮೂಗು ಒತ್ಕೊಂಡು, ನಾವು ಮೊಟ್ಟೆ ತಿನ್ನೋದನ್ನ ಫೋಟೋ ತೆಗೆದ್ಲು. "ಇವರು ನಿಜವಾದವರಾ, ಬೊಂಬೆಗಳಾ?" ಅಂತ ಗಂಡನ್ನ ಕೇಳ್ತಾಳೆ! ಅಕ್ಕ ಏನು ಮಾಡಿದ್ಲು ಗೊತ್ತಾ? ನಾಲಿಗೆ ಚಾಚಿದ್ಲು! ಈ ವಯಸ್ಸಲ್ಲಿ!

ಏನು ನೋಡ್ತಿದೀರಿ ನನ್ನ ಭುಜದ ಮೇಲಿಂದ?

ಓ, ಅದಾ... ಧೂಳು ರೀ. ಪಕ್ಕದ ಮನೇಲಿ ನಿಮ್ಮೋರೇ ಗೋಡೆ ಕೆರೀತಿದಾರಲ್ಲ, ಕನ್ನಡಿ ಮೇಲೆಲ್ಲ ಸುಣ್ಣದ ಪುಡಿ. ಅದಕ್ಕೇ ದುಪ್ಪಟಿ ಹೊದಿಸಿದೀನಿ. ಗಡಿಯಾರಾನಾ? ನಿಂತುಹೋಗಿದೆ. ಹಳೇದಲ್ವಾ, ಆಗಾಗ ನಿಲ್ಲುತ್ತೆ... ಇಲ್ಲ, ಬೇಡ! ನೀವು ಕೀಲಿ ಕೊಡೋದು ಬೇಡ. ಅಲ್ಲೇ ನಿಲ್ಲಿ.

ಸ್ವಲ್ಪ ಕೇಳಿ ಇಲ್ಲಿ. ಮನೇನ ಸಂಘಕ್ಕೆ ಮಾರುವಾಗ ಅಕ್ಕ ಒಬ್ಬಳೇ ಇದ್ಲು. ತಾನು ಬದುಕಿರೋವರೆಗೂ ಇಲ್ಲೇ, ಆಮೇಲೆ ನಿಮ್ಮದು ಅಂತ ಮಾತಾಯ್ತು. ನಾನಾಗ ರಿಚ್ಮಂಡ್‌ನಲ್ಲಿ ಸಂಸಾರ ಮಾಡ್ಕೊಂಡಿದ್ದೆ. ಗಂಡನ್ನ ಕಳ್ಕೊಂಡು ಹುಟ್ಟಿದ ಮನೆಗೇ ವಾಪಸ್ಸು ಬರ್ತೀನಿ ಅಂತ ಯಾರಿಗೆ ಗೊತ್ತಿತ್ತು? ಅವಳಿದ್ರೆ ನಾನೂ ಇಲ್ಲಿ. ಇಲ್ದಿದ್ರೆ... ಬಿಡಿ. ಬೆಳಿಗ್ಗೆ ಅವಳಿಗೆ ಗಂಜಿ, ಕಾಲಿಗೆ ಬಿಸಿನೀರು, ಬೆನ್ನಿಗೆ ದಿಂಬು, ಎಲ್ಲಾ ನಾನೇ. "ಸೂಕಿ, ನಿನ್ನ ಪ್ರೀತಿ ನನ್ನ ಮೇಲೋ, ಮನೆ ಮೇಲೋ?" ಅಂತ ರೇಗಿಸ್ತಾಳೆ ಕಳ್ಳಿ! ನಾನು ಏನೂ ಹೇಳಲ್ಲ. ಹೇಳಬೇಕಿತ್ತು, ಅಲ್ವಾ? ಒಂದೇ ಒಂದು ಸಲ...

ಮಾತಾಡಿ ಗಾರ್ನೆಟ್. ಪ್ರವಾಸಿಗಳ ಮುಂದೆ ಅಷ್ಟು ಮಾತಾಡ್ತೀರಿ! ಹಿಂದಿನ ಕಾಲದಲ್ಲಿ ಮನೇಲಿ ಯಾರಾದ್ರೂ ತೀರಿಕೊಂಡ್ರೆ ಗಡಿಯಾರ ನಿಲ್ಲಿಸಿ ಕನ್ನಡಿ ಮುಚ್ತಿದ್ರು, ಬಂದ ಗಂಡಸರು ಬಾಗಿಲಲ್ಲೇ ಟೋಪಿ ತೆಗೀತಿದ್ರು ಅಂತ ದಿನಾ ಹೇಳ್ತೀರಲ್ಲ, ಇಲ್ಲಿಗೂ ಕೇಳಿಸುತ್ತೆ. ಇದು ಅದಲ್ಲ. ಧೂಳು ಅಂದ್ನಲ್ಲ! ಅಮ್ಮ ಹೋದಾಗ ಅಕ್ಕ ಮಾಡಿದ್ದು ನೋಡಿದ್ದೆ... ಕೈ ತಾನಾಗೇ ಹೋಯ್ತು ರೀ. ನಾನು ಬೇಕಂತ... ಅಯ್ಯೋ, ಹಾಗಲ್ಲ. ಧೂಳಿಗೆ. ಧೂಳಿಗೇ ಹೊದಿಸಿದ್ದು.

ಯಾಕೆ ಟೋಪಿ ಪಿನ್ನಿಗೆ ಕೈ ಹಾಕ್ತಿದೀರಿ? ಬೇಡ... ನೋಡಿ, ವಿಗ್ಗಿನ ಕೂದಲು ಕಿತ್ಕೊಂಡು ಬರ್ತಿದೆ. ಬೀದೀಲಿ ಜನ ನೋಡ್ತಿದಾರೆ! ಚರ್ಚಿನಲ್ಲಿ ದೇವರ ಮುಂದೆ ತೆಗೀಲಿಲ್ಲ ನೀವು, ಈಗ ನಮ್ಮನೆ ಬಾಗಿಲಲ್ಲಿ ಯಾಕೆ... ಟೋಪಿ ತಲೆ ಮೇಲಿಡಿ ಗಾರ್ನೆಟ್. ಅವಳು ಮಲಗಿದಾಳೆ, ಅಷ್ಟೇ. ದಯವಿಟ್ಟು... ತಲೆ ಮೇಲಿಡಿ.