ಮಲ್ಲಕ್ಕನ ಮೇಣದ ಬಿಲ್ಲೆ

ಮಾನ್ಯ ಅಧ್ಯಕ್ಷರಾದ ಬಸವಂತರಾಯರೇ, ಕನ್ನಡ ಬಾರದಿದ್ದರೂ ಬಾಂದ್ರಾದಿಂದ ಮಲಾಡಿನವರೆಗೆ ಬಂದು ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಆಸ್ಪತ್ರೆಯ ಡಾಕ್ಟರ್ ಶುಭಾಂಗಿ ಅವರೇ, ಇಂದಿನ ಸನ್ಮಾನಿತರೂ ನನ್ನ ಗುರುಗಳೂ ಆದ ಮೋನಪ್ಪನವರೇ, ಸಭಿಕರೇ,

ಮೂವತ್ತನಾಲ್ಕು ವರ್ಷ ಕ್ಯಾನ್ಸರ್ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರ ಕುರಿತು ಐದು ನಿಮಿಷ ಮಾತಾಡು ಎಂದಿದ್ದಾರೆ. ಉಡುಪಿಯಿಂದ ಮುಂಬಯಿಗೆ ಬಂದವರೆಲ್ಲ ಹೋಟೆಲಿನಲ್ಲಿ ಈರುಳ್ಳಿ ಹೆಚ್ಚಿದರೆ, ನಮ್ಮ ಮೋನಪ್ಪನವರು ಮೇಣ ಹೆಚ್ಚಿದರು! ನಗಿ, ಅಡ್ಡಿಯಿಲ್ಲ.

ಯಾವ ಮೇಣ? ಆಪರೇಷನ್‌ನಲ್ಲಿ ತೆಗೆದ ಗಂಟಿನ ಚೂರನ್ನು ಕೆಡದಂತೆ ಮೇಣದ ಬಿಲ್ಲೆಯಲ್ಲಿ ಹುದುಗಿಸಿ ವರ್ಷಗಟ್ಟಲೆ ಕಾಯ್ದಿಡುತ್ತೇವೆ. ಅದಕ್ಕೆ ಬ್ಲಾಕ್ ಎನ್ನುತ್ತೇವೆ. ಬೇಕಾದಾಗ ಯಂತ್ರದ ಅಲಗಿಗೆ ಕೊಟ್ಟು, ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪದರ ತೆಗೆದು, ಬೆಚ್ಚನೆಯ ನೀರಿನಲ್ಲಿ ತೇಲಿಸಿ ಗಾಜಿಗೆ ಎತ್ತಿಕೊಳ್ಳುತ್ತೇವೆ. ವಿಜಯಪುರದಿಂದ ಬಂದು ಕುರ್ಲಾದ ಚಾಳಿನಲ್ಲಿದ್ದ ಈ ಶಿವಕುಮಾರಿಗೆ ಇದನ್ನು ಕಲಿಸಿದವರು ಇವರು. ಪದರ ಸುಕ್ಕುಗಟ್ಟಿದರೆ ಬೈಯುತ್ತಿರಲಿಲ್ಲ. "ಊದಬೇಡ ಮಾರಾಯ್ತಿ, ಅದರಷ್ಟಕ್ಕೆ ಅದು ಬಿಡಿಸಿಕೊಳ್ತದೆ" ಎನ್ನುತ್ತಿದ್ದರು. ಮಧ್ಯಾಹ್ನ ತಮ್ಮ ಗಂಜಿಯಲ್ಲಿ ನನ್ನ ಖಡಕ್ ರೊಟ್ಟಿ ಅದ್ದಿ ತಿನ್ನುತ್ತಿದ್ದರು. ಎಂಥ ದಿನಗಳವು! ಎಂಥ ದಿನಗಳು!

ಬರಬರುತ್ತ ಲ್ಯಾಬಿನಲ್ಲಿ ಎಲ್ಲರಿಗಿಂತ ಚುರುಕಾದೆ. ಚುರುಕು ಒಳ್ಳೆಯದೇ?

ಏಳು ವರ್ಷದ ಹಿಂದೆ, ಕುರ್ಲಾದಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಮಲ್ಲಕ್ಕ ಎಂಬವರ ಬ್ಲಾಕ್ ಬಂತು. ಹಿಂದೆಂದೋ ತೆಗೆದ ಥೈರಾಯಿಡ್ ಕ್ಯಾನ್ಸರ್ ಈಗ ಶ್ವಾಸಕೋಶಕ್ಕೆ ಇಳಿದಿತ್ತು. ಜೀನ್ ಪರೀಕ್ಷೆ ಮಾಡಿದರೆ ತಕ್ಕ ಮಾತ್ರೆ ಸಿಕ್ಕೀತೆಂದು ಡಾಕ್ಟರ್ ಶುಭಾಂಗಿ ಹತ್ತು ಪದರ ಕೇಳಿದ್ದರು. ಬ್ಲಾಕಿನಲ್ಲಿ ಉಳಿದಿದ್ದ ಗಂಟು ಸಾಸಿವೆಯಷ್ಟು. ಮೊದಲು ಬ್ಲಾಕಿನ ಮುಖವನ್ನು ಅಲಗಿಗೆ ನೇರ ಹೊಂದಿಸಬೇಕು. ಹೊಂದಿಸದೆ ಯಂತ್ರದ ಹಿಡಿಯನ್ನು ಗರಗರ ತಿರುಗಿಸಿದ್ದಾಯಿತು. ನೋಡುವಷ್ಟರಲ್ಲಿ ಗಂಟೆಲ್ಲ ಮೇಣದ ಹೊಟ್ಟಿನ ಜೊತೆ ಉದುರಿತ್ತು.

ತಿರುಗಿಸಿದವಳು ನಾನು. ಹೌದು. ಇದನ್ನು ಹೇಳಲೆಂದು ಮೈಕಿನ ಮುಂದೆ ಬಂದವಳಲ್ಲ.

"ಯೇ ಕಿಸ್ನೇ ಕಾಟಾ?", ಇದನ್ನು ಹೆಚ್ಚಿದ್ದು ಯಾರು ಎಂದು ಡಾಕ್ಟರ್ ಮೇಡಂ ಕೇಳಿದಾಗ ಮೋನಪ್ಪನವರು ಕೈ ಒರೆಸಿಕೊಳ್ಳುತ್ತ ಮುಂದೆ ಬಂದು, "ಮೈನೇ, ಮೇಡಂ", ನಾನೇ ಎಂದರು. ನನ್ನ ಗಂಡ ತೀರಿಕೊಂಡು ಆಗ ಮೂರು ತಿಂಗಳು. ಆಮೇಲೆ ನನಗೆ ಹೇಳಿದ್ದು ಇಷ್ಟೇ: "ನಿನಗೆ ಎರಡು ಮಕ್ಕಳುಂಟು. ಸುಮ್ಮನಿರು."

ಸುಮ್ಮನಿದ್ದೆ.

ಹೊಸ ಚೂರಿಗಾಗಿ, ಮಲ್ಲಕ್ಕನ ಕುತ್ತಿಗೆಯಲ್ಲಿ ಮತ್ತೆ ಎದ್ದಿದ್ದ ಗಂಟಿಗೆ ಸೂಜಿ ಹಾಕಬೇಕಾಯಿತು. ಅವರಿಗೆ ಕನ್ನಡದಲ್ಲಿ ತಿಳಿಸಲು ನನ್ನನ್ನೇ ಕರೆದರು. ಮಲ್ಲಕ್ಕ ನನ್ನ ಕೈ ಹಿಡಿದುಕೊಂಡು ಕೇಳಿದರು: "ಯವ್ವಾ, ಹೋದ ಸಲ ತಗದದ್ದು ಎಲ್ಲಿ ಇಟ್ರಿ?"

"ಹಳೇದಾಗಿತ್ತು ಬಿಡವ್ವ, ಕೆಟ್ಟಿತ್ತು" ಎಂದೆ.

ಒಂದೂವರೆ ತಿಂಗಳು ತಡವಾಗಿ ಪರೀಕ್ಷೆ ಆಯಿತು, ಮಾತ್ರೆಯೂ ಸಿಕ್ಕಿತು. ಮಲ್ಲಕ್ಕ ನಾಲ್ಕು ವರ್ಷ ಬದುಕಿದರು. ಆ ಒಂದೂವರೆ ತಿಂಗಳು ಅವರಿಂದ ಎಷ್ಟು ಕಸಿಯಿತು? ಯಾರು ಹೇಳಬಲ್ಲರು?

ಮರುವರ್ಷ ಸೂಪರ್‌ವೈಸರ್ ಹುದ್ದೆ ಬಂದಾಗ ಮೋನಪ್ಪನವರ ಫೈಲಿನಲ್ಲಿ ಆ ತಪ್ಪಿತ್ತು. ನನ್ನ ಫೈಲು ಸ್ವಚ್ಛವಾಗಿತ್ತು. ಕುರ್ಚಿ ನನಗೆ ಬಂತು. ಅಂದು ಪೇಡಾ ತಂದು ಹಂಚಿದವರು ಇವರೇ. ಆರು ವರ್ಷ, ತಾವು ಕಲಿಸಿದ ಹುಡುಗಿಯನ್ನು "ಮೇಡಂ" ಎಂದು ಕರೆದರು.

ಅಧ್ಯಕ್ಷರೇ, ಗಂಟೆ ಬಾರಿಸಬೇಡಿ, ಮುಗಿಸುತ್ತೇನೆ. ನನ್ನ ಕಣ್ಣೀರು ನೋಡಿ ಡಾಕ್ಟರ್ ಮೇಡಂ ಪ್ರೀತಿಯಿಂದ ನಗುತ್ತಿದ್ದಾರೆ. ಗುರುಭಕ್ತಿ ಎಂದುಕೊಂಡಿದ್ದಾರೆ, ಪಾಪ. ನಾಳೆ ಬೆಳಿಗ್ಗೆ ಅವರ ಕೋಣೆಗೆ ಹೋಗಿ ಇದಿಷ್ಟನ್ನೂ ಮರಾಠಿಯಲ್ಲಿ ಹೇಳುತ್ತೇನೆ. ಮೋನಪ್ಪಣ್ಣ, ಬೇಡವೆಂದು ತಲೆ ಅಲ್ಲಾಡಿಸಬೇಡಿ. ಇದೊಂದರಲ್ಲಿ ನಿಮ್ಮ ಮಾತು ಕೇಳುವುದಿಲ್ಲ.

ಕೂತು ಕೇಳಿದ ನಿಮಗೆಲ್ಲ ಋಣಿ. ನಮಸ್ಕಾರ.